ನಾಗಣ್ಣನ ಎಡಗೈ

ನನ್ನ ಅಂಗಡಿಯಲ್ಲಿರುವ ಎಲೆಕ್ಟ್ರಾನಿಕ್ ಡ್ರಮ್ಮಿನ ಚೀಲದ ಜಿಪ್ ಎಳೆದ ಕೂಡಲೇ ಮೀನಿನ ವಾಸನೆ ಬರುತ್ತದೆ. ಬಿಸಿಲಿಗಿಟ್ಟೆ, ಕರ್ಪೂರ ಹಾಕಿಟ್ಟೆ, ಹೆಂಡತಿ ಹೇಳಿದಳೆಂದು ಲಿಂಬೆಸಿಪ್ಪೆಯಲ್ಲಿ ಉಜ್ಜಿಯೂ ನೋಡಿದೆ. ಹೋಗುವುದಿಲ್ಲ. ಒಮ್ಮೆ ಬ್ರಹ್ಮಾವರದ ಮದುವೆಯೊಂದಕ್ಕೆ ಅದನ್ನು ಬಾಡಿಗೆಗೆ ಕೊಟ್ಟಿದ್ದೆ. ಹೆಣ್ಣಿನ ಕಡೆಯ ಹಿರಿಯರೊಬ್ಬರು ವೇದಿಕೆಯ ಹತ್ತಿರ ಬಂದು ಮೂಗರಳಿಸಿ, ಗಾಬರಿಯಾಗಿ, ನೇರ ಅಡಿಗೆಯವರ ಬಳಿಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆಸಿ ನೋಡಿದರಂತೆ. ಪಾಪ, ಒಳಗಿದ್ದದ್ದು ಸೌತೆಕಾಯಿ ಹುಳಿ.

ನಾನು ತಲ್ಲೂರಿನಲ್ಲಿ ಮೈಕು, ಬಾಕ್ಸು, ಲೈಟುಗಳನ್ನು ಬಾಡಿಗೆಗೆ ಕೊಡುವವನು. ಮೂವತ್ತು ವರ್ಷಗಳಿಂದ ವೈರು ಬಿಚ್ಚುತ್ತಿದ್ದೇನೆ, ಸುತ್ತುತ್ತಿದ್ದೇನೆ. ನನ್ನ ಮಂಡಿ ಈಗ ನನಗಿಂತ ಮೊದಲೇ ಮಾತಾಡುತ್ತದೆ. ಮದುವೆ ಮನೆಯವರು ಸಂತೋಷದಲ್ಲಿರುವಾಗ ನಾನು ಪ್ಲಗ್ಗು ಎಲ್ಲಿದೆ ಎಂದು ಹುಡುಕುತ್ತಿರುತ್ತೇನೆ. ಅವರ ಸಂತೋಷ ಮುಗಿದ ಮೇಲೆ ಅದೇ ಪ್ಲಗ್ಗನ್ನು ಕೀಳುತ್ತೇನೆ. ಬೇಸರವೆಂದು ಹೇಳಿಕೊಳ್ಳುವಷ್ಟು ದೊಡ್ಡ ದುಃಖವೇನಲ್ಲ ಇದು. ದಣಿವು, ಅಷ್ಟೆ. ನಿಮ್ಮ ಕೆಲಸದಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ.

ಇವತ್ತು ಬೆಳಿಗ್ಗೆ ಬೈಂದೂರಿನ ಮದುವೆಗೆ ಹೊರಡುವ ಮೊದಲು ಡ್ರಮ್ಮನ್ನು ಲ್ಯಾಪ್‌ಟಾಪಿಗೆ ಜೋಡಿಸಿ ನೋಡೋಣವೆಂದು ಕೂತೆ. ಲ್ಯಾಪ್‌ಟಾಪು ನನಗಿಂತ ಮುದುಕ. ಒಳಗೆ ಜಾಗವಿಲ್ಲ, ಬೇಡದ್ದನ್ನು ಅಳಿಸು ಎಂದಿತು. ಪಟ್ಟಿ ತೆರೆದರೆ ಅದರಲ್ಲಿ ಒಂದು ಹೆಸರು ‘ನಾಗಣ್ಣ’. ಬೆರಳು ಅಲ್ಲೇ ನಿಂತಿತು. ಜಾಗವಿಲ್ಲ ಎಂಬ ಮಾತು ಕೇಳಿದರೆ ಇವತ್ತಿಗೂ ನನಗೆ ಒಳಗೆಲ್ಲೋ ಚುಚ್ಚುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತು ಬಳಸಿ.

ನಾಗಣ್ಣ ತ್ರಾಸಿಯವನು, ಮೀನು ಹಿಡಿಯುವವರ ಮನೆಯವನು. ಹರೆಯದಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುತ್ತಿದ್ದಾಗ ಪಕ್ಕದ ಗಲ್ಲಿಯ ಬ್ಯಾಂಡಿನವರ ಜೊತೆ ಸೇರಿ ಡ್ರಮ್ ಕಲಿತ. ಊರಿಗೆ ಮರಳುವಾಗ ಬೇರೆಯವರು ಟ್ರಂಕು, ರೇಡಿಯೋ ತಂದರೆ ಇವನು ಕೆಂಪು ಬಣ್ಣದ ಒಂದು ಡ್ರಮ್ ಸೆಟ್ಟನ್ನು ಹಳೆಯ ಬಲೆಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಬಂದ. ನನ್ನದೊಂದು ರಸಮಂಜರಿ ತಂಡವಿತ್ತು ಆಗ. ತಂಡವೆಂದರೆ ಇಬ್ಬರು ಹಾಡುವವರು, ಒಂದು ಕೀಬೋರ್ಡು, ಮಿಕ್ಸರಿನ ಹಿಂದೆ ನಾನು, ಎಲ್ಲರ ಹಿಂದೆ ನಾಗಣ್ಣ. ಅವನ ಬಲಗೈ ತಾಳ ಹಿಡಿಯುತ್ತಿತ್ತು. ಎಡಗೈ ಸ್ನೇರ್ ಎಂಬ ಸಣ್ಣ ಡ್ರಮ್ಮಿನ ಮೇಲೆ ಏನೋ ಸಣ್ಣ ಸಣ್ಣ ಮಾತು ಆಡುತ್ತಿತ್ತು. ಗಮನವಿಟ್ಟು ಆಲಿಸದಿದ್ದರೆ ಕೇಳದು, ಆದರೆ ಅದಿಲ್ಲದಿದ್ದರೆ ಹಾಡು ಸಪ್ಪೆ.

ಅವನಿಗೆ ಇನ್ನೊಂದು ವಿದ್ಯೆಯಿತ್ತು. ಟೆಂಪೋಗೆ ಸಾಮಾನು ತುಂಬಿಸುವುದು. ದೋಣಿಯಲ್ಲಿ ಬಲೆ, ಹಗ್ಗ, ಬುಟ್ಟಿಗಳನ್ನು ತೂಕ ನೋಡಿ ಜೋಡಿಸಿ ಅಭ್ಯಾಸವಾದ ಕೈ. ಟೆಂಪೋದ ಒಳಗೆ ತಾನೊಬ್ಬನೇ ನಿಂತುಕೊಂಡು, ಯಾವ ಪೆಟ್ಟಿಗೆ ಅಡ್ಡ, ಯಾವುದು ಉದ್ದ ಎಂದು ಹೇಳುವನು. ಎಲ್ಲ ತುಂಬಿಸಿದ ಮೇಲೂ ಇಬ್ಬರು ಮಲಗುವಷ್ಟು ಜಾಗ ಉಳಿಯುತ್ತಿತ್ತು. ನಾವು ತುಂಬಿಸಿದ ದಿನ ಬಾಗಿಲು ಹಾಕಲಾಗದೆ ಹಗ್ಗ ಕಟ್ಟಬೇಕಾಗುತ್ತಿತ್ತು.

ಆಮೇಲೆ ರಿದಮ್ ಪ್ಯಾಡ್ ಬಂತು. ತೊಡೆಯ ಮೇಲಿಟ್ಟುಕೊಳ್ಳುವಷ್ಟು ಸಣ್ಣದು, ಆದರೆ ತಬಲ, ಢೋಲಕ್, ಡ್ರಮ್ ಎಲ್ಲ ಅದರೊಳಗೆ. ನುಡಿಸುವವನನ್ನೂ ಗೊತ್ತು ಮಾಡಿದೆ. ನಾಗಣ್ಣನಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಕುಂದಾಪುರದ ಒಂದು ಕಾರ್ಯಕ್ರಮ ಮುಗಿಸಿ ಅವನು ಟೆಂಪೋದ ಬಾಗಿಲು ಹಾಕುತ್ತಿದ್ದಾಗ, ಅವನ ಮುಖ ನೋಡದೆ ಅಂದೆ:

“ನಾಗಣ್ಣ, ಇನ್ಮೇಲೆ ಡ್ರಮ್ ಸೆಟ್ ಬ್ಯಾಡ. ಟೆಂಪೋದಗೆ ಜಾಗ ಸಾಕಾತಿಲ್ಲೆ.”

ಅವನು ಚಿಲಕ ಹಾಕಿ, ಕೈ ಒರೆಸಿಕೊಂಡ. “ಅಡ್ಡಿಲ್ಲೆ ಮಾರಾಯ” ಅಂದ. ನಮ್ಮೂರಿನವರ ಆ ‘ಅಡ್ಡಿಲ್ಲೆ’ ನಿಮಗೆ ಗೊತ್ತಿರಬಹುದು, ಎಷ್ಟೇ ನೋವಾದರೂ ‘ಪರವಾಗಿಲ್ಲ’ ಎಂದುಬಿಡುವುದು. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆ.

ವರ್ಷಗಳು ಹೋದವು. ತಂಡವೂ ಹೋಯಿತು, ಬಾಡಿಗೆ ವ್ಯವಹಾರ ಉಳಿಯಿತು. ನಾಗಣ್ಣ ದೋಣಿಗೆ ಹೋಗುತ್ತಿದ್ದ. ದಾರಿಯಲ್ಲಿ ಸಿಕ್ಕರೆ ನಗುತ್ತಿದ್ದ. ಮೂರು ವರ್ಷದ ಹಿಂದೆ ಅವನ ಹೆಂಡತಿ ಗಿರಿಜಕ್ಕ ಫೋನು ಮಾಡಿದಳು. ನಾಗಣ್ಣನಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸೋತಿತ್ತು. ಕಾಲು ಮೆಲ್ಲನೆ ಸುಧಾರಿಸುತ್ತಿತ್ತು, ಕೈ ಇಲ್ಲ.

“ಹ್ವಾಯ್, ಇವ್ರ್ ಎಡಗೈ ಎತ್ತುದೇ ಇಲ್ಲೆ. ಡಾಕ್ಟ್ರ್ ಹಿಸ್ಕುಕೆ ಅಂದೇಳಿ ರಬ್ಬರ್ ಚೆಂಡ್ ಕೊಟ್ಟಿರ್, ಅದನ್ ಬೆಕ್ಕಿಗ್ ಆಡುಕೆ ಕೊಟ್ಟಿರ್ ಇವ್ರ್. ನಿಮ್ ಹತ್ರ ಎಂತದೋ ಸದ್ದಾಗದ ಡ್ರಮ್ ಇತ್ತ್ ಅಂಬ್ರಲೆ. ಒಂದಿನ ತಕಂಡ್ ಬನಿ.”

ಸದ್ದಾಗದ ಡ್ರಮ್ ಎನ್ನುವುದು ಅರ್ಧ ನಿಜ. ಈ ಎಲೆಕ್ಟ್ರಾನಿಕ್ ಪ್ಯಾಡುಗಳಿಗೆ ತಮ್ಮದೇ ಸದ್ದಿಲ್ಲ. ಕೋಲು ತಾಗಿದರೆ, ತಾಗಿತು, ಇಷ್ಟು ಜೋರಾಗಿ ತಾಗಿತು ಎಂಬ ಸುದ್ದಿಯನ್ನು ವೈರಿನಲ್ಲಿ ಕಳಿಸುತ್ತವೆ. ಲ್ಯಾಪ್‌ಟಾಪಿನೊಳಗಿನ ಸಾಫ್ಟ್‌ವೇರು ಆ ಸುದ್ದಿ ಹಿಡಿದು, ಯಾರೋ ಎಲ್ಲೋ ಒಳ್ಳೆಯ ಡ್ರಮ್ಮು ಬಾರಿಸಿ ಧ್ವನಿಮುದ್ರಿಸಿಟ್ಟ ಸದ್ದನ್ನು ಹೆಡ್‌ಫೋನಿಗೆ ತಂದು ಬಡಿಸುತ್ತದೆ. ಊಟದ ಪಂಕ್ತಿಯಲ್ಲಿ ಕೂತವನು ಬೆರಳೆತ್ತುತ್ತಾನಲ್ಲ, ಬಡಿಸುವವನು ನೋಡಿ ಸಾರು ತರುತ್ತಾನೆ, ಅದೇ ಲೆಕ್ಕ. ಎಷ್ಟೆತ್ತಿದರೆ ನೋಡಬೇಕು ಎಂಬುದನ್ನು ನಾವೇ ಹೇಳಿಕೊಡಬೇಕು. ಅದಕ್ಕೆ ಥ್ರೆಶೋಲ್ಡ್ ಎನ್ನುತ್ತಾರೆ. ಅದಕ್ಕಿಂತ ಮೆಲ್ಲಗೆ ಬಿದ್ದ ಪೆಟ್ಟು ಲೆಕ್ಕಕ್ಕಿಲ್ಲ.

ನಾಗಣ್ಣನ ಮನೆ ಹೆದ್ದಾರಿಯ ಪಕ್ಕ. ಜಗಲಿಯಲ್ಲಿ ಎಲ್ಲ ಜೋಡಿಸಿದೆ. ಮೊದಲ ಪೆಟ್ಟಿನ ಸದ್ದು ತಡವಾಗಿ ಬಂತು, ಲ್ಯಾಪ್‌ಟಾಪಿನ ಮುದಿತನ. ನಾಗಣ್ಣ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ, “ನಾ ಹೊಡ್ದದ್ ಬಸ್ಸಿಗ್ ಬತ್ತಾ ಇತ್ತಾ ಮಾರಾಯ?” ಅಂದ. ಅದನ್ನು ಸರಿಮಾಡಿದೆ. ಆಮೇಲಿನ ಕಷ್ಟ ಬೇರೆ. ಯಾರೂ ಮುಟ್ಟದೆಯೇ ಡ್ರಮ್ಮು ಬಾರಿಸಿಕೊಳ್ಳುತ್ತಿತ್ತು. ಖಾಸಗಿ ಬಸ್ಸೊಂದು ಹಾರಿಹೋದರೆ ನೆಲ ನಡುಗಿ ಧಡಕ್. ಗಿರಿಜಕ್ಕ ಒಳಗೆ ಗ್ರೈಂಡರ್ ಹಾಕಿದರೆ ಸಿಂಬಲ್ಲಿನ ಝಣಝಣ ನಿಲ್ಲುವುದೇ ಇಲ್ಲ. ನಾನು ಮೂವತ್ತು ವರ್ಷ ಕಲಿತ ವಿದ್ಯೆಯನ್ನೇ ಮಾಡಿದೆ. ನಮ್ಮ ಕಸುಬೆಂದರೆ ಬೇಡದ ಸದ್ದನ್ನು ಹೊರಗಿಡುವುದು. ಥ್ರೆಶೋಲ್ಡ್ ಏರಿಸಿದೆ, ಇನ್ನೂ ಏರಿಸಿದೆ, ಬಸ್ಸು ಸುಮ್ಮನಾಯಿತು. ನನ್ನ ಕೈಯಿಂದಲೇ ನಾಲ್ಕು ಪೆಟ್ಟು ಹೊಡೆದು, ಚೆನ್ನಾಗಿ ಬಂತೆಂದು ಹೇಳಿ, ಕಾಫಿ ಕುಡಿದು, ಬ್ರಹ್ಮಾವರದಲ್ಲಿ ಕೆಲಸವಿತ್ತೆಂದು ಓಡಿದೆ. ಉಪಕಾರ ಮಾಡಿದೆನೆಂಬ ಸಮಾಧಾನವೂ ಆಗಿತ್ತು.

ಮೂರು ವಾರದ ಮೇಲೆ ಮತ್ತೆ ಫೋನು.

“ಬಾರ್ಸುದ್ ನಿಲ್ಸಿರ್. ಎಡಗೈ ಸತ್ತೋಯ್ತ್ ಅಂಬ್ರ್. ಊಟವೂ ಸಮಾ ಮಾಡ್ತಿಲ್ಲೆ. ಆದ್ರೆ ನಾ ದಿನಾ ಕಾಂತೆ ಅಲ್ದಾ, ಕೈ ಏಳತ್ತ್, ಕೋಲ್ ಪ್ಯಾಡಿಗ್ ತಾಗತ್ತ್. ಇವ್ರಿಗ್ ಸದ್ದ್ ಕೇಂತಿಲ್ಲೆ ಅಂಬ್ರ್.”

ಫೋನು ಇಟ್ಟ ಮೇಲೆ ನನಗೆ ಹೊಳೆಯಿತು. ಅವನ ಕೈ ಏಳುತ್ತಿತ್ತು. ಮೂರು ವಾರ, ದಿನವೂ, ಆ ಸೋತ ಕೈಯನ್ನು ಎತ್ತಿ ಎತ್ತಿ ಅವನು ಪ್ಯಾಡಿಗೆ ತಾಗಿಸಿದ್ದ. ಬಸ್ಸಿನ ಜೊತೆ ಅವನ ಎಡಗೈಯನ್ನೂ ನಾನು ಹೊರಗೆ ಹಾಕಿದ್ದೆ. ಪರೀಕ್ಷೆ ಮಾಡಿದ್ದು ಮಾತ್ರ ನನ್ನ ಗಟ್ಟಿ ಕೈಯಿಂದ! ಯಂತ್ರಕ್ಕೆ ಕೇಳಿಸಲಿಲ್ಲ, ಇವನು ತನ್ನ ಕೈಯೇ ಸತ್ತಿತೆಂದು ತಿಳಿದುಕೊಂಡ. ಒಬ್ಬನೇ ಮನುಷ್ಯನನ್ನು ಎರಡು ಸಲ ತಾಳದಿಂದ ಇಳಿಸಿದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ನಾಚಿಕೆಯಾಯಿತು. ಅವತ್ತಿನ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ತ್ರಾಸಿಗೆ ಹೋದೆ.

ನಾಗಣ್ಣ ಗೋಡೆಗೆ ಒರಗಿ ಕೂತಿದ್ದ. ಎಡಗೈ ತೊಡೆಯ ಮೇಲೆ ಬೇರೆಯವರ ಸಾಮಾನಿನಂತೆ ಬಿದ್ದಿತ್ತು. “ತಕಂಡ್ ಹೋಗ್ ಮಾರಾಯ. ಕೈ ಸತ್ತದ್. ಮಿಶಿನಿಗೂ ಗೊತ್ತಾಯ್ತ್” ಅಂದ.

“ಕೈದ್ ತಪ್ಪಲ್ಲ ನಾಗಣ್ಣ, ನಂದ್ ತಪ್ಪ್” ಅಂದೆ. ಅವನು ನಂಬಲಿಲ್ಲ. ಥ್ರೆಶೋಲ್ಡನ್ನು ತಳಕ್ಕೆ ಇಳಿಸಿದೆ. ಕೂಡಲೇ ಬಸ್ಸು, ಲಾರಿ, ಗ್ರೈಂಡರು ಎಲ್ಲ ಒಳಗೆ ನುಗ್ಗಿದವು. ಏನು ಮಾಡುವುದೆಂದು ನಾನು ಪರದಾಡುತ್ತಿದ್ದಾಗ ಗಿರಿಜಕ್ಕ ಒಳಗಿನಿಂದ ತಾನು ಮೀನು ಮಾರುವ ಥರ್ಮಾಕೋಲ್ ಪೆಟ್ಟಿಗೆಗಳ ಮುಚ್ಚಳ ತಂದು ಸ್ಟ್ಯಾಂಡಿನ ಕಾಲುಗಳ ಅಡಿಗೆ ಒಂದೊಂದೇ ತುರುಕಿದಳು. ನೆಲದ ನಡುಕ ಅರ್ಧ ಕಡಿಮೆಯಾಯಿತು. “ಇವ್ರ್ ಬಾರ್ಸುವಷ್ಟ್ ಹೊತ್ತ್ ನಾ ಗ್ರೈಂಡರ್ ಹಾಕುದಿಲ್ಲೆ. ಬಸ್ಸ್ ಬಂದ್ರೆ ಬರ್ಲಿ, ಅದನ್ ನಿಲ್ಸುಕೆ ಆತ್ತಾ?” ಅಂದಳು. ಚೀಲದ ವಾಸನೆಯ ಮೂಲ ಅದೇ. ಸೌಂಡಿನವನಾದ ನನಗೆ ಹೊಳೆಯದ್ದು ಮೀನು ಮಾರುವ ಹೆಂಗಸಿಗೆ ಹೊಳೆಯಿತು.

ನಾಗಣ್ಣ ಹೆಡ್‌ಫೋನ್ ಹಾಕಿಕೊಂಡ. ನಾನೂ ಇನ್ನೊಂದನ್ನು ಸಿಕ್ಕಿಸಿಕೊಂಡೆ. ಇಷ್ಟಕ್ಕೆ ನಿಲ್ಲಿಸದೆ ನಾನೊಂದು ಬುದ್ಧಿವಂತಿಕೆಯನ್ನೂ ಮಾಡಿದ್ದೆ. ಸಣ್ಣ ಪೆಟ್ಟಿಗೂ ದೊಡ್ಡ ಸದ್ದು ಬರುವಂತೆ ಸಾಫ್ಟ್‌ವೇರಿನಲ್ಲಿ ತಿದ್ದಿದ್ದೆ. ಎಡಗೈ ನಿಧಾನ ಎದ್ದಿತು, ನಡುಗಿತು, ಸ್ನೇರಿನ ಪ್ಯಾಡಿನ ಮೇಲೆ ಬಿತ್ತು. ಛಟಾರ್! ನಾಗಣ್ಣ ಬೆಚ್ಚಿದ. ಹುಬ್ಬು ಗಂಟಿಕ್ಕಿ ಹೆಡ್‌ಫೋನನ್ನೇ ತೆಗೆದ.

“ಇದ್ ನಂದಲ್ಲ ಮಾರಾಯ. ನಾ ಇಷ್ಟ್ ಜೋರ್ ಹೊಡಿಲಿಲ್ಲೆ. ಹೊಡ್ದಷ್ಟೇ ಕೇಂಬ ಹಂಗೆ ಮಾಡ್.”

ತೆಪ್ಪಗೆ ಮೊದಲಿನ ಹಾಗೆ ಮಾಡಿದೆ. ಮತ್ತೆ ಕೈ ಎದ್ದಿತು. ಈ ಸಲ ಬಂದದ್ದು ಒಣ ಎಲೆ ಬಿದ್ದಷ್ಟು ಸದ್ದು. ಕೇಳಿಸಿತೋ ಇಲ್ಲವೋ ಎಂದು ನಾನು ಅವನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿದ್ದ. ಇನ್ನೊಂದು ಸಲ ಹೊಡೆದ. ಇನ್ನೊಂದು ಸಲ. ಅವನ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳೋಣವೆಂದರೆ ಬಲಗೈಯಲ್ಲಿ ಕೋಲಿತ್ತು. ನಾನೂ ಅತ್ತೆ, ಅದನ್ನು ಮುಚ್ಚಿಡುವುದೇಕೆ. ಅಷ್ಟರಲ್ಲಿ ಹೊರಗೆ ಬಸ್ಸೊಂದು ಹೋಗಿ ಬೇಸ್ ಡ್ರಮ್ ತಾನಾಗಿ ಧಡಕ್ಕೆಂದಿತು. “ಬೈಂದೂರ್ ಬಸ್ಸ್” ಅಂದ ನಾಗಣ್ಣ, ಕಣ್ಣು ತೆರೆಯದೆ, “ಒಂದೇಟ್ ತಡ ಮಾಡ್ತ್.” ಆಮೇಲೆ ಬಸ್ಸುಗಳನ್ನೂ ತಾಳಕ್ಕೆ ಸೇರಿಸಿಕೊಂಡು ಬಾರಿಸುವುದು ಅವನಿಗೆ ಆಟವೇ ಆಯಿತು.

ಆ ಸೆಟ್ಟಿಂಗನ್ನೇ ಅವನ ಹೆಸರಿನಲ್ಲಿ ಉಳಿಸಿಟ್ಟೆ. ಪ್ಯಾಡುಗಳು, ಲ್ಯಾಪ್‌ಟಾಪು ಎಲ್ಲ ವರ್ಷಕ್ಕಿಂತ ಹೆಚ್ಚು ಆ ಜಗಲಿಯಲ್ಲಿದ್ದವು. ಕೈ ಪೂರ್ತಿ ಬರಲಿಲ್ಲ. ಬಲೆ ಹೆಣೆಯುವಾಗ ಹಗ್ಗದ ತುದಿ ಹಿಡಿದುಕೊಳ್ಳುವಷ್ಟು ಬಂತು. ಒಂದು ದಿನ ಅವನೇ, ನಿನ್ನ ದುಡಿಮೆಯ ಸಾಮಾನು ಇಲ್ಲಿ ಕೂರುವುದು ಬೇಡವೆಂದು, ವಾಸನೆಯ ಸಮೇತ ವಾಪಸು ಕಳಿಸಿದ. ಟೆಂಪೋದ ಸುಳ್ಳನ್ನು ಮಾತ್ರ ನಾನು ಬಾಯಿ ಬಿಟ್ಟು ಹೇಳಿರಲಿಲ್ಲ. ಎಷ್ಟೋ ಸಲ ಹೊರಟು, ನಾಲಿಗೆಯ ತುದಿಗೆ ಬಂದು, ಕಾಫಿಯ ಜೊತೆ ನುಂಗಿದ್ದೇನೆ. ಈಗ ಯಾರಿಗೇ ಪ್ಯಾಡು ಜೋಡಿಸಿಕೊಟ್ಟರೂ ಮೊದಲು ಮೆಲ್ಲಗೆ, ಆದಷ್ಟು ಮೆಲ್ಲಗೆ ಹೊಡೆದು ತೋರಿಸಲು ಹೇಳುತ್ತೇನೆ. ಹುಡುಗರಿಗೆ ನಗು ಬರುತ್ತದೆ.

ಬೆಳಿಗ್ಗೆ ಆ ಹೆಸರನ್ನು ಅಳಿಸಲಿಲ್ಲ. ಹಳೆಯ ಮದುವೆಗಳ ಒಂದಷ್ಟು ವಿಡಿಯೋ ಅಳಿಸಿದೆ, ಕೇಳುವವರಿಲ್ಲ. ಸಾಮಾನು ತುಂಬಿಸಿ ತಲ್ಲೂರಿನಿಂದ ಹೊರಟೆ. ತ್ರಾಸಿ ಬಂದಾಗ ಟೆಂಪೋ ತಾನಾಗಿ ನಿಧಾನವಾಯಿತು ಎಂದರೆ ಸುಳ್ಳಾದೀತು, ಬ್ರೇಕ್ ಒತ್ತಿದ್ದು ನಾನೇ. ನಾಗಣ್ಣ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದ. ಇಳಿದು ಹೋಗಿ ಕರೆದೆ:

“ಹ್ವಾಯ್ ನಾಗಣ್ಣ, ಬೈಂದೂರಿಗ್ ಬತ್ರ್ಯಾ? ಟೆಂಪೋದಗೆ ಜಾಗ ಇತ್ತ್.”

ಅವನು ತಲೆಯೆತ್ತಿ ಟೆಂಪೋ ನೋಡಿದ, ನನ್ನನ್ನು ನೋಡಿದ. ಬಲೆ ಸರಿಸಿ, ಗಿರಿಜಕ್ಕನಿಗೆ ಕೂಗಿ ಅಂಗಿ ತರಿಸಿಕೊಂಡ. ಊರುಗೋಲು ಹಿಡಿದು ಮೆಲ್ಲನೆ ಬಂದು, ಮೊದಲು ಹಿಂದಿನ ಬಾಗಿಲಿಂದ ಒಳಗೆ ಇಣುಕಿದ. ಪೆಟ್ಟಿಗೆಗಳನ್ನು ನಾನು ಹೇಗೆ ತುರುಕಿದ್ದೇನೆಂದು ನೋಡಿ ನಾಲಿಗೆ ಲೊಚಗುಟ್ಟಿದ.

“ಜಾಗ ಆಗ್ಳೂ ಇದ್ದಿತ್ ಮಾರಾಯ” ಅಂದ. “ತುಂಬ್ಸ್ತಿದ್ದದ್ ನಾನೇ ಅಲ್ದಾ?”

ಕೋಪವಿರಲಿಲ್ಲ ಆ ದನಿಯಲ್ಲಿ. ಇಷ್ಟು ವರ್ಷ ಅವನಿಗೆ ಗೊತ್ತಿತ್ತು. ಅವತ್ತು ಚಿಲಕ ಹಾಕುವಾಗಲೇ ಗೊತ್ತಿತ್ತು. ನಾನು ಬಾಗಿಲು ಹಿಡಿದುಕೊಂಡು ನಿಂತೇ ಇದ್ದೆ. ಅವನು ಸುತ್ತು ಹಾಕಿ ಮುಂದಿನ ಸೀಟಿನ ಹತ್ತಿರ ಹೋದ. “ಎಂತ ನಿಂತದ್? ಹತ್ತುಕೆ ಕೈ ಕೊಡ್” ಎಂದು ಎಡಗೈ ಚಾಚಿದ.