ಗೋಡೆಯಾಚೆಯ ಪರ್ಷಿಯಾ

ಗ್ಯಾಸ್ ಆಫ್ ಮಾಡಿದ ಮೇಲೆ ಮೂರು ಸಲ ಮುಟ್ಟಿ ನೋಡದೆ ನಾನು ಮನೆ ಬಿಟ್ಟವಳಲ್ಲ. ಆ ಶುಕ್ರವಾರ ಬೆಳಿಗ್ಗೆಯೂ ಉಪ್ಪಿಟ್ಟು ಇಳಿಸಿ, ಮಗಳ ಡಬ್ಬಿ ಕಟ್ಟಿ, ಕಿಟಕಿಯನ್ನು ಒಂದಿಷ್ಟು ತೆರೆದೆ. ಗಾಳಿ ಪಾರ್ಕ್ ರಾಯಲ್ ಕಾರ್ಖಾನೆಗಳ ಕಡೆಯಿಂದ ಬೀಸಿದರೆ ನಮ್ಮ ಲಂಡನ್ ಫ್ಲಾಟಿಗೆ ಬಿಸ್ಕತ್ತು ಬೇಯುವ ಪರಿಮಳ ಬರುತ್ತದೆ, ಬಂತು. ಗ್ಯಾಸನ್ನು ಮೂರು ಸಲ ಮುಟ್ಟಿದೆ. ಆಮೇಲೆ ಬಾಗಿಲಿಗೆ ಒರಗಿಸಿದ್ದ ಗುರಾಣಿಯನ್ನು ಎತ್ತಿಕೊಂಡೆ.

ಗುರಾಣಿಯೆಂದರೆ ಸೌತ್‌ಹಾಲ್‌ನ ಇಂಡಿಯನ್ ಅಂಗಡಿಯಿಂದ ಮಾವಿನಹಣ್ಣು ತಂದ ರಟ್ಟಿನ ಪೆಟ್ಟಿಗೆ. ದುಂಡಗೆ ಕತ್ತರಿಸಿ ಫಾಯಿಲ್ ಹೊದಿಸಿದ್ದೆ. ಯುದ್ಧ ಒಂಬತ್ತೂವರೆಗೆ, ಶಾಲೆಯ ಹಾಲ್‌ನಲ್ಲಿ. ಇಯರ್ ಫೋರ್ ತರಗತಿಯ ಎಂಟೊಂಬತ್ತು ವರ್ಷದ ಮಕ್ಕಳು ಪ್ರಾಚೀನ ಗ್ರೀಕರೂ ಪರ್ಷಿಯನ್ನರೂ ಕಾದಾಡಿದ ಕತೆಯನ್ನು ಅಪ್ಪ ಅಮ್ಮಂದಿರೆದುರು ಆಡಿ ತೋರಿಸುವವರಿದ್ದರು. ನನ್ನ ಅನಘಾ ಗ್ರೀಕ್ ಸೈನಿಕ. ಅವಳಿಗಿದ್ದದ್ದು ಒಂದೇ ಮಾತು. ದೂರದಲ್ಲಿ ಹಡಗುಗಳು ಕಂಡ ಕೂಡಲೇ ಗುರಾಣಿ ಎತ್ತಿ, "ಪರ್ಷಿಯನ್ಸ್, ಗೋ ಹೋಮ್!" ಎಂದು ಹಾಲ್ ನಡುಗುವಂತೆ ಕೂಗಬೇಕು.

ನಡುಗಿದವಳು ನಾನು. ಯಾಕೆಂದರೆ ನಮ್ಮ ಪಕ್ಕದ ಫ್ಲಾಟಿನ ಮಹೀನ್ ಇರಾನಿನವರು, ಅಂದರೆ ಆ ಹಳೆಯ ಪರ್ಷಿಯಾದವರೇ. ಅರವತ್ತು ದಾಟಿದ ಒಂಟಿ ಹೆಂಗಸು. ನಾನು ಎರಡು ದಿನ ಆಸ್ಪತ್ರೆಯಲ್ಲಿದ್ದಾಗ ಅನಘಾಳ ಜಡೆ ಹೆಣೆದವರು ಅವರೇ. ನಮ್ಮ ಮನೆಯ ಇನ್ನೊಂದು ಬೀಗದ ಕೈ ಇರುವುದೂ ಅವರ ಹತ್ತಿರವೇ. ನಡುವಿನ ಗೋಡೆ ಎಷ್ಟು ತೆಳುವೆಂದರೆ ಅವರ ಕೆಟಲ್ ಕ್ಲಿಕ್ಕೆಂದದ್ದು ನನಗೆ ಕೇಳುತ್ತದೆ. ಈಚಿನ ದಿನಗಳಲ್ಲಿ ಇನ್ನೊಂದೂ ಕೇಳುತ್ತಿತ್ತು: ಶಿರಾಜ್‌ನಲ್ಲಿರುವ ತಂಗಿಗೆ ಅವರು ಫೋನ್ ಹಚ್ಚುವುದು, ಲೈನ್ ಸಿಗದಿರುವುದು, ಮತ್ತೆ ಹಚ್ಚುವುದು. ಟಿವಿಯಲ್ಲಿ ಅವರ ದೇಶದ ಸುದ್ದಿ ಬಂದರೆ ನಾನು ವಾಲ್ಯೂಮ್ ತಗ್ಗಿಸುತ್ತಿದ್ದೆ. ಅದೇ ಗೋಡೆಗೆ ಬೆನ್ನು ಕೊಟ್ಟು, ದಿನಾ ಸಂಜೆ ಐದೂವರೆಗೆ ಸರಿಯಾಗಿ ನನ್ನ ಮಗಳು ಪರ್ಷಿಯನ್ನರನ್ನು ಮನೆಗೆ ಅಟ್ಟುತ್ತಿದ್ದಳು.

"ಎರಡೂವರೆ ಸಾವಿರ ವರ್ಷದ ಹಿಂದಿನ ಜಗಳಕ್ಕ ನೀ ಈಗ ಯಾಕ ಬೆವರ್ತಿ?" ಎಂದು ನನ್ನ ಗಂಡ ನಕ್ಕರು. ಧಾರವಾಡದವರಿಗೆ ಯಾವುದಕ್ಕೂ ಹೆದರಿ ಗೊತ್ತಿಲ್ಲ. ಅವರ ಪಾಲಿನದನ್ನೂ ನಾನೇ ಹೆದರಬೇಕು. ಈ ಊರಿಗೆ ಬಂದ ಮೊದಲ ವರ್ಷ ಬಸ್ ಸ್ಟಾಪಿನಲ್ಲಿ ಒಬ್ಬಾತ ನನಗೂ 'ಗೋ ಹೋಮ್' ಎಂಬ ಆ ಎರಡೇ ಪದ ಹೇಳಿ ಹೋಗಿದ್ದ. ಕೂಗಿ ಕೂಡ ಅಲ್ಲ, ಟೈಮೆಷ್ಟು ಎಂದು ಕೇಳುವಷ್ಟು ಸಲೀಸಾಗಿ. ಬಸ್ಸು ಬಂದರೂ ನನಗೆ ಹತ್ತಲಾಗಲಿಲ್ಲ. ಅದನ್ನು ಗಂಡನಿಗೆ ಹೇಳಿಲ್ಲ. ಈಗ ಅದೇ ಮಾತು ನನ್ನ ಮನೆಯಿಂದ ಮಹೀನ್ ಅವರ ಕಿವಿಗೆ ಹೋಗುತ್ತಿತ್ತು.

"ಸ್ವಲ್ಪ ಮೆಲ್ಲಗ ಅನ್ನು ಪುಟ್ಟಾ, ಆಂಟಿಗೆ ಕೇಳಸ್ತದ," ಎಂದು ಒಂದು ಸಂಜೆ ಅವಳಿಗೆ ಹೇಳಿದೆ.

"ಅಮ್ಮಾ, ಸೋಲ್ಜರ್ಸ್ ಡೋಂಟ್ ವಿಸ್ಪರ್!"

ಆದರೆ ಮಾತು ಕೇಳುವ ಮಗು. ಮರುದಿನದಿಂದ ಹತ್ತು ದಿನ ನಮ್ಮ ಮನೆಯಲ್ಲಿ ಯುದ್ಧ ಪಿಸುಮಾತಿನಲ್ಲೇ ನಡೆಯಿತು.

ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಈ ಪಾಠ ಮಾಡಿದ ಸಿಸ್ಟರ್, ಗ್ರೀಕರೆಂದರೆ ಭಯವನ್ನೇ ಅರಿಯದವರು ಎಂದಿದ್ದರು. ಪಾಠದಲ್ಲಿ ಗ್ರೀಕರು ಗೆದ್ದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಮಗಳು ಲೈಬ್ರರಿಯಿಂದ ತಂದ ದಪ್ಪ ಪುಸ್ತಕ ಬೇರೆಯೇ ಹೇಳಿತು. ಸಲಾಮಿಸ್‌ನ ಕಡಲ ಕಾಳಗದ ಮುಂಚೆ ಅರ್ಧಕ್ಕರ್ಧ ಗ್ರೀಕ್ ದಳಪತಿಗಳು ಓಡಿಹೋಗಲು ಹವಣಿಸುತ್ತಿದ್ದರಂತೆ! ಪರ್ಷಿಯಾದ ದೊರೆಯದು ಇನ್ನೊಂದು ತಮಾಷೆ. ದಂಡು ದಾಟಲೆಂದು ಕಡಲ ಮೇಲೆ ಕಟ್ಟಿಸಿದ್ದ ಸೇತುವೆ ಬಿರುಗಾಳಿಗೆ ಮುರಿದಾಗ ಸಮುದ್ರಕ್ಕೆ ಚಾಟಿಯೇಟು ಹಾಕಿಸಿದನಂತೆ. ನಗು ಬಂತು, ಆಮೇಲೆ ನಗಲಾಗಲಿಲ್ಲ. ನಾನೂ ಕುಕ್ಕರ್ ಕೂಗದಿದ್ದರೆ ಅದಕ್ಕೆ ಸೌಟಿನಿಂದ ಒಂದು ಬಿಗಿಯುವವಳೇ. ಅಷ್ಟು ದೊಡ್ಡ ದಂಡನ್ನು ಗುಡ್ಡದ ಮೇಲಿಂದ ನೋಡಿ, ನೂರು ವರ್ಷದ ಮೇಲೆ ಇವರಲ್ಲಿ ಒಬ್ಬನೂ ಉಳಿದಿರುವುದಿಲ್ಲವಲ್ಲ ಎಂದು ಅತ್ತವನೂ ಆ ದೊರೆಯೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಟದ ಕೆಳಗಿನ ಒಂದು ಸಾಲು. ಪರ್ಷಿಯಾದ ದಂಡಿನಲ್ಲಿ ಭಾರತದವರೂ ಇದ್ದರು. ಹತ್ತಿಯ ಬಟ್ಟೆ ತೊಟ್ಟು, ಬೆತ್ತದ ಬಿಲ್ಲು ಹಿಡಿದು. ಬೇರೆ ಬೇರೆ ದೇಶದವರಿಗೆ ಏನೇನೋ ಕವಚ, ಶಿರಸ್ತ್ರಾಣ, ನಮ್ಮವರಿಗೆ ಹತ್ತಿ. ಹಾಗಾದರೆ ನಾವು ಚಪ್ಪಾಳೆ ತಟ್ಟಿದ್ದು ನಮ್ಮವರು ಸೋತದ್ದಕ್ಕೆ! ಅವರಲ್ಲಿ ಕೆಲವರು ಒಂದಿಡೀ ಚಳಿಗಾಲವನ್ನು ಗ್ರೀಸಿನಲ್ಲೇ ಕಳೆಯಬೇಕಾಯಿತಂತೆ. ಲಂಡನ್ನಿನ ಅಕ್ಟೋಬರಿನಲ್ಲೇ ಎರಡು ಸ್ವೆಟರ್ ಹಾಕುವವಳು ನಾನು. ಆ ಹತ್ತಿಯ ಅಂಗಿಗಳನ್ನು ನೆನೆದು ಮೈ ಜುಮ್ಮೆಂದಿತು. ಅವರಿಗೆ ಯಾರೂ ಮನೆಗೆ ಹೋಗಿ ಎಂದು ಕೂಗಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅದೊಂದೇ ಇರಬೇಕು. ಹೋದರೋ ಇಲ್ಲವೋ, ಪುಸ್ತಕದಲ್ಲಿ ಬರೆದಿಲ್ಲ.

ಆ ಶುಕ್ರವಾರ ಒಂಬತ್ತೂವರೆಗೆ ಹಾಲ್ ತುಂಬಿತ್ತು. ನೀಲಿ ಬೆಡ್‌ಶೀಟಿನ ಸಮುದ್ರದ ಮೇಲೆ ಹಡಗುಗಳು ಬಂದವು. ಅನಘಾ ಮುಂದೆ ಬಂದು ಗುರಾಣಿ ಎತ್ತಿದಳು. ತುಟಿ ಅಲುಗಿತು. ಏನೂ ಕೇಳಿಸಲಿಲ್ಲ. ಟೀಚರ್ ಕಿವಿಗೆ ಕೈ ಹಿಡಿದು ಸನ್ನೆ ಮಾಡಿದರು. ಮತ್ತೆ ತುಟಿ ಅಲುಗಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಪರ್ಷಿಯನ್ ಪಡೆಯ ಹುಡುಗಿಯೊಬ್ಬಳು ಕೊನೆಗೆ ಪಾಪವೆನಿಸಿ ತಾನಾಗಿಯೇ ಹಿಂದೆ ಸರಿದಳು.

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅನಘಾಳನ್ನು ಕರೆದುಕೊಂಡು ಹೊರಟೆ. ಝೀಬ್ರಾ ಕ್ರಾಸಿಂಗ್ ಹತ್ತಿರ ನನ್ನ ಕೈ ಹಿಡಿದು ಹೇಳಿದಳು: "ಐ ವಾಸ್ ಸ್ಕೇರ್ಡ್, ಅಮ್ಮಾ. ಮಹೀನ್ ಆಂಟಿ ಮೈಟ್ ಹಿಯರ್."

ಶಾಲೆಗೂ ನಮ್ಮ ಮನೆಗೂ ಆರು ಬೀದಿ. ನನ್ನ ಭಯ ಅಷ್ಟು ದೂರ ನಡೆದುಹೋಗಿ, ಅವಳ ಗಂಟಲಲ್ಲಿ ಕೂತಿತ್ತು. ಕೊಡಬೇಕೆಂದು ಕೊಟ್ಟದ್ದಲ್ಲ, ಕಣ್ಣು, ಮೂಗಿನಂತೆ ತಾನಾಗಿ ಇಳಿದದ್ದು. ಅವಳ ಕೈ ಬೆವರಿತ್ತು. ನನ್ನದೂ.

ಸಂಜೆ ಕಸದ ಚೀಲ ಹಿಡಿದು ಹೊರಬಂದರೆ ಲಿಫ್ಟಿನೆದುರು ಮಹೀನ್, ಕೈಯಲ್ಲಿ ಫೋನ್. ನಾನು ತಲೆ ತಗ್ಗಿಸಿದೆ. ಕ್ಷಮೆ ಕೇಳುವುದೋ, ತಂಗಿಯ ಸುದ್ದಿ ಕೇಳುವುದೋ, ಯಾವುದು ಮೊದಲೆಂದು ತಿಳಿಯಲಿಲ್ಲ. ಲಿಫ್ಟಿನ ಗುಂಡಿ ಒತ್ತುತ್ತಾ, ಎಂದಿನಂತೆ ನನ್ನ ಹೆಸರಿಗೆ ಅಕ್ಕರೆಯ 'ಜಾನ್' ಸೇರಿಸಿ, ಅವರೇ ಇಂಗ್ಲಿಷಿನಲ್ಲಿ ಅಂದರು:

"ಶೈಲಾ ಜಾನ್, ನಿನ್ನ ಮಗಳು ದಿನಾ ಸಂಜೆ ನಮ್ಮನ್ನು ಓಡಿಸುತ್ತಿದ್ದಳಲ್ಲ, ಮನೆ ತುಂಬಿದ ಹಾಗಿರುತ್ತಿತ್ತು. ಹತ್ತು ದಿನದಿಂದ ಸದ್ದೇ ಇಲ್ಲ. ಯಾಕೆ, ನಾವು ಗೆದ್ದುಬಿಟ್ಟೆವಾ?"