ದಾನಶೂರನ ಸೆಲೂನು
ಮೂಲೆಯ ಸೆಲೂನಿನವನನ್ನು ಫೋನಿನಲ್ಲಿ ಎರಡು ಲಕ್ಷ ಜನ ದಾನಶೂರನೆಂದು ಕೊಂಡಾಡುತ್ತಾರೆ. ದಿಕ್ಕಿಲ್ಲದ ಮುದುಕರನ್ನು ಕರೆತಂದು, ಪುಕ್ಕಟೆ ಕ್ಷೌರ ಮಾಡಿ, ಅದರ ವಿಡಿಯೋ ಹಾಕುವುದು ಅವನ ನಿತ್ಯದ ಪುಣ್ಯಕಾರ್ಯ. ಕನ್ನಡಿಗೆ ಒರಗಿಸಿದ ಫೋನಿನತ್ತ ತಿರುಗಿ, "ನಂದೇನಿದೆ, ಎಲ್ಲಾ ಮೇಲಿನವನದು" ಎಂದು ಗದ್ಗದಿತನಾಗುತ್ತಾನೆ. ಕಣ್ಣೀರು ಬಾರದಿದ್ದರೆ ಗಡ್ಡದ ಲೋಷನ್ ಮೆತ್ತಿದ ಬೆರಳನ್ನು ಕಣ್ಣಿನಂಚಿಗೆ ಸವರಿಕೊಳ್ಳುತ್ತಾನೆ. ಆದರೆ ದಿನಕ್ಕೊಬ್ಬ ದಿಕ್ಕಿಲ್ಲದವನು ಎಲ್ಲಿಂದ ಸಿಗಬೇಕು? ಹಾಗಾಗಿ ಒಮ್ಮೆ, ಗಣಿತದ ಮೇಷ್ಟ್ರಾಗಿ ನಿವೃತ್ತನಾದ ಸ್ವಂತ ಅಣ್ಣನಿಗೇ ಹರಿದ ಅಂಗಿ ತೊಡಿಸಿ, ಕೆನ್ನೆಗೆ ಮಸಿ ಬಳಿದು ಕೂರಿಸಿದ. "ಮೂರು ದಿನದಿಂದ ಊಟ ಇಲ್ಲ ಅಂದ್ಬಿಡು ಸಾಕು, ಅಣ್ಣ." ತಮ್ಮನೆಂದರೆ ಪ್ರಾಣ ಬಿಡುವ ಅಣ್ಣ ಅಂದುಬಿಟ್ಟ. ಯಾವ ವಿಡಿಯೋವೂ ಅಷ್ಟು ಓಡಿರಲಿಲ್ಲ. ನಿನ್ನೆ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದವನು ಕಿಟಕಿಯಾಚೆ ನೋಡಿದ: ಬಸ್ ನಿಲ್ದಾಣದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ ಅಣ್ಣನ ಕೈಗೆ ಯಾರೋ ಹೆಂಗಸು, ಪಾಪ ಎನ್ನುತ್ತ, ಬ್ರೆಡ್ಡಿನ ಪೊಟ್ಟಣ ತುರುಕುತ್ತಿದ್ದಳು. ಅಣ್ಣ ತಲೆ ತಗ್ಗಿಸಿ ತೆಗೆದುಕೊಂಡ. ಆಮೇಲೆ ಸೆಲೂನಿಗೆ ಬಂದು ಅದನ್ನು ಕನ್ನಡಿಯ ಮುಂದೆ, ಫೋನು ಒರಗಿಸುವ ಜಾಗದಲ್ಲೇ ಇಟ್ಟ. "ಬೇಡ ಅನ್ನಬಹುದಿತ್ತಲ್ಲ ಅಣ್ಣ?" ಎಂದು ಕೇಳಿದ ತಮ್ಮ. "ಅಂದಿದ್ರೆ ನೀನು ಸುಳ್ಳುಗಾರ ಆಗ್ತಿದ್ದೆ ಕಣೋ."