ಐವತ್ತನ್ನು ಅಳಿಸಿದಾಗ

ಸೇಡು ತೀರಿಸಿಕೊಳ್ಳಲು ಮಹಾಲಕ್ಷ್ಮಿಗೆ ಇಡೀ ಸೆಮಿಸ್ಟರ್ ಹಿಡಿಯಿತು. ಅವಸರ ಅವಳ ಜಾಯಮಾನವಲ್ಲ.

ರಾಜಗೋಪಾಲನಗರದಲ್ಲಿ, ಕಾರ್ಖಾನೆಯ ಸೈರನ್ನಿಗೆ ಎದ್ದು ಬೆಳೆದ ಹುಡುಗಿ. ಬಿಸಿಎ ಸೇರಿ ಡೇಟಾ ಸ್ಟ್ರಕ್ಚರ್ಸ್ ಪಾಠ ಕೇಳಿದ ದಿನ, ಅಂಕಿಗಳಿಗೂ ಕೂರಲು ಒಂದೊಂದು ಜಾಗ ಬೇಕೆಂಬ ಮಾತು ಅವಳಿಗೆ ಹಿತವಾಗಿತ್ತು. ಆದರೆ ಮೊದಲ ಲ್ಯಾಬ್ ಟೆಸ್ಟಿನಲ್ಲೇ ಪಕ್ಕದ ಸ್ಫೂರ್ತಿ ಅವಳ ಪ್ರೋಗ್ರಾಮನ್ನು ಸಾಲುಸಾಲಾಗಿ ನೋಡಿ ಬರೆದಳು. ಎರಡೂ ಒಂದೇ ಥರ ಇವೆಯಲ್ಲ ಎಂದು ದೇವರಾಜ್ ಮೇಷ್ಟ್ರು ಕೇಳಿದರೆ, ಸ್ಫೂರ್ತಿ ಕಣ್ಣೂ ಮಿಟುಕಿಸಲಿಲ್ಲ. "ನಾನೇ ಬರೆದಿದ್ದು ಸಾರ್. ಇವಳು ನೋಡ್ಕೊಂಡ್ಳು." ಮೇಷ್ಟ್ರು ನಂಬಿಬಿಟ್ಟರು. ಸೊನ್ನೆ ಮಹಾಲಕ್ಷ್ಮಿಯ ಪಾಲಿಗೆ ಬಂತು.

ಅವ್ವ ಮುನಿಯಕ್ಕ ಕೇಳಿ ಕೆಂಡವಾದಳು. "ಇಂಗೆ ಸುಮ್ನೆ ಬಂದ್ಬಿಟ್ಟಾ? ಜುಟ್ಟು ಇಡ್ಕೊಳಾದಲ್ವೇನೆ?"

"ಹಿಡ್ಕೊತೀನಿ, ಇರವ್ವ."

ಕೊನೆಯ ಟೆಸ್ಟಿಗೆ ಎಲ್ಲರಿಗೂ ಒಂದೇ ಪ್ರೋಗ್ರಾಂ: ಅಂಕಿಗಳ ಮರ. ಸಣ್ಣ ಅಂಕಿ ಎಡಗಡೆಯ ಕೊಂಬೆಗೆ, ದೊಡ್ಡದು ಬಲಗಡೆಯ ಕೊಂಬೆಗೆ. ಕೇಳಿದ ಅಂಕಿಯನ್ನು ಅಳಿಸಬೇಕು, ಉಳಿದವು ಚದುರಬಾರದು.

"ಮಹಾ, ಆ ಟ್ರೀ ಪ್ರೋಗ್ರಾಂ ಕಳ್ಸೇ. ನಿಂದೇ ನೀಟಾಗಿರುತ್ತೆ ಕಣೇ," ಎಂದು ಸ್ಫೂರ್ತಿ ಹೆಗಲಿಗೆ ಕೈ ಹಾಕಿದಳು. ಆ ಸೊನ್ನೆಯನ್ನು ಅವಳು ಮರೆತೇಬಿಟ್ಟಿದ್ದಳು. ಮಹಾಲಕ್ಷ್ಮಿಗೆ ಸೊನ್ನೆಗಿಂತ ಆ ಮರೆವೇ ಹೆಚ್ಚು ಚುಚ್ಚಿತು.

ಕಳಿಸಿದಳು. ಕಳಿಸುವ ಮುಂಚೆ ಎರಡು ಸಾಲು ಕಿತ್ತಳು. ಎರಡೂ ಕಡೆ ಕೊಂಬೆಯಿರುವ ಅಂಕಿಯನ್ನು ಅಳಿಸಿದರೆ, ಈಗ ಎಡಗೊಂಬೆಯೂ ಜೊತೆಗೇ ಬಿದ್ದುಹೋಗುತ್ತಿತ್ತು.

ಅದು ಸ್ಫೂರ್ತಿಗೆ ಗೊತ್ತಾಗುವಂತಿರಲಿಲ್ಲ. ಅವರ ಕಾಲೇಜಿನಲ್ಲಿ ಪ್ರೋಗ್ರಾಮನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುವುದು ವಾಡಿಕೆ. ಪರೀಕ್ಷಿಸಿ ನೋಡಲು ಸೀನಿಯರ್‌ಗಳ ಕಾಲದಿಂದ ಎಲ್ಲರೂ ಕೊಡುವುದು ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ಹಾಗೆ ಕೊಟ್ಟರೆ ಮರ ಬಲಕ್ಕೇ ವಾಲಿ ಬೆಳೆಯುತ್ತದೆ. ಎಡಗೊಂಬೆ ಹುಟ್ಟುವುದೇ ಇಲ್ಲ.

ಟೆಸ್ಟಿನ ದಿನ ಹಾಜರಿ ಸಂಖ್ಯೆಯ ಪ್ರಕಾರ ಮಹಾಲಕ್ಷ್ಮಿಯ ಸರದಿ ಮೊದಲು ಬಂತು. ಅವಳು ಐವತ್ತು, ಮೂವತ್ತು, ಎಪ್ಪತ್ತು ಕೊಟ್ಟು ಐವತ್ತನ್ನು ಅಳಿಸಿದಳು. ಮೂವತ್ತೂ ಎಪ್ಪತ್ತೂ ಉಳಿದವು.

"ಭೇಷ್! ಇದೇ ನಿಜವಾದ ಟೆಸ್ಟ್," ಎಂದರು ಮೇಷ್ಟ್ರು. "ಎಲ್ಲರೂ ಇದನ್ನೇ ಕೊಡ್ರಪ್ಪ, ನೋಡೋಣ."

ಅವಳಿಗೆ ಬೇಕಿದ್ದೂ ಅದೇ.

ಸ್ಫೂರ್ತಿ ಐವತ್ತನ್ನು ಅಳಿಸಿದಳು. ಪರದೆಯ ಮೇಲೆ ಎಪ್ಪತ್ತು ಒಂಟಿಯಾಗಿ ನಿಂತಿತ್ತು.

"ಇದನ್ನ ಬರೆದಿದ್ದು ಯಾರಮ್ಮ?"

ಸ್ಫೂರ್ತಿ ತಿರುಗಿ ನೋಡಿದಳು. ಮಹಾಲಕ್ಷ್ಮಿ ನೋಟ ತಪ್ಪಿಸಲಿಲ್ಲ. ಮರೆತದ್ದೆಲ್ಲ ಆ ಮುಖಕ್ಕೆ ಮರಳಿ ಬರುವುದು ಕಾಣಿಸಿತು. ಇದು ಮಹಾಲಕ್ಷ್ಮಿಯದ್ದು ಎಂದುಬಿಟ್ಟರೆ ಇಂದಿನ ಕಳ್ಳತನದ ಜೊತೆ ಅಂದಿನದೂ ಬಯಲಾಗುತ್ತಿತ್ತು.

"ನಾನೇ... ಸಾರ್."

"ಹಾಗಾದ್ರೆ ಮೂವತ್ತು ಎಲ್ಲಿ ಹೋಯ್ತು? ತೋರ್ಸು."

ಸ್ಫೂರ್ತಿಯ ಬೆರಳು ಪರದೆಯ ಮೇಲೆ ಮೇಲಿಂದ ಕೆಳಗಿಳಿಯಿತು. ಮತ್ತೆ ಮೇಲಕ್ಕೆ ಹೋಯಿತು. ಹಿಂದೆ ಯಾರೋ ಕಿಸಕ್ಕೆಂದರು. ಟೆಸ್ಟ್ ಮುಗಿಸಿದವರು ಹೊರಡಬಹುದಿತ್ತು. ಮಹಾಲಕ್ಷ್ಮಿ ಕೂತೇ ಇದ್ದಳು, ಮೇಷ್ಟ್ರು ಸೊನ್ನೆ ಸುತ್ತುವವರೆಗೂ.

ಸಂಜೆ ಮುನಿಯಕ್ಕ ಸೊಪ್ಪು ಸೋಸುತ್ತಾ ಮಗಳ ಮುಖ ನೋಡಿದಳು. "ಏನೇ, ಒಬ್ಬಳೇ ನಗ್ತಿದೀಯ?"

"ಜುಟ್ಟು ಸಿಕ್ತವ್ವ."

"ಎಳುದ್ಯಾ?"

"ಇಲ್ಲ. ಅವಳ ಕೈಲೇ ಎಳೆಸ್ದೆ."